ಕುಂಬಳದ ಹೂವು

ಮತ್ತೆ ಅದೇ ಆಗಿತ್ತು. ಕುಂಬಳದ ಬಳ್ಳಿಗಳ ಮೇಲೆ ಗಂಡು ಹೂವುಗಳಷ್ಟೇ ಉಳಿದಿದ್ದವು. ಬುಡದಲ್ಲಿ ಗೋಲಿಯಷ್ಟು ಮಿಡಿ ಹಿಡಿದಿದ್ದ ಹೂವುಗಳನ್ನು ಯಾರೋ ಆರಿಸಿ ಆರಿಸಿ ಚಿವುಟಿದ್ದರು.

ಖಂಡೆಪ್ಪ ಬದುವಿನ ಮೇಲೆ ಕುಸಿದು ಕುಳಿತ. ಬಾವಿಯ ನೀರೆತ್ತಿ ಎತ್ತಿ ಎತ್ತುಗಳು ಸೊರಗಿದ್ದವು. ಅವನ ರಟ್ಟೆಗಳೂ ಬಿದ್ದುಹೋಗಿದ್ದವು. ಹೋದ ವರ್ಷ ಇದೇ ತುಂಡು ಹೊಲದ ಕುಂಬಳ ಉದಗೀರದ ಬಾಜಾರದಲ್ಲಿ ಹೆಸರು ಮಾಡಿತ್ತು. ಗಾಡಿ ಹೂಡಲು ಎತ್ತುಗಳನ್ನು ಬಾವಿಯಿಂದ ಬಿಚ್ಚುವಂತಿಲ್ಲವೆಂದು ಹೆಂಡತಿ ಸರುಬಾಯಿಯೇ ಬುಟ್ಟಿ ಹೊತ್ತು ಹೋಗಿ ಮಾರಿ ಬರುತ್ತಿದ್ದಳು. ನಿಜಾಮ ಸರಕಾರದ ಅಮಲ್ದಾರರ ಅಡುಗೆಯವನು ಅವಳನ್ನು ಹುಡುಕಿಕೊಂಡು ಬರುತ್ತಿದ್ದನಂತೆ. ಆ ಹುಮ್ಮಸ್ಸಿನಲ್ಲಿ ಖಂಡೆಪ್ಪ ಈ ಸಲ ಬದನೆ, ಮೆಂತ್ಯ ಬಿಟ್ಟು ಹೊಲದ ತುಂಬ ಕುಂಬಳವನ್ನೇ ಹಾಕಿದ್ದ.

ಅನುಮಾನ ಇದ್ದುದು ಒಬ್ಬನ ಮೇಲೆ: ಪಕ್ಕದ ಬೀಳಿನಲ್ಲಿ ಕುರಿಹಟ್ಟಿ ಹಾಕಿಕೊಂಡಿದ್ದ ಅಮೋಘಸಿದ್ಧ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವ ಮಾತಿಗೆ ಇಬ್ಬರಿಗೂ ಜಗಳವಾಗಿತ್ತು.

“ಬೀರಪ್ಪನಾಣಿ ಅಣ್ಣಾ, ನಾ ನಿಮ್ಮ ಹೊಲದಾಗ ಕಾಲಿಟ್ಟಿಲ್ಲರೀ,” ಎಂದ ಅಮೋಘಸಿದ್ಧ. “ಕುರಿ ಹೊಕ್ಕಿದ್ರ ಎಲಿ ಉಳೀತಿದ್ವೇನು?”

“ಕುರಿ ಅಲ್ಲಲೇ, ನೀ!”

ಮನೆಯಲ್ಲಿ ಸರುಬಾಯಿ ಗೋಡೆಗೊರಗಿ ಕುತ್ತಿಗೆಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗಂಡ ರುಮಾಲು ಸುತ್ತಿ ಊರ ಪಾಟೀಲರ ಕಡೆ ಹೊರಟದ್ದು ಕಂಡು ಅವಳ ಕೈ ನಿಂತಿತು.

“ಅಂವನ ಬಿಟ್ಟುಬಿಡ್ರಿ. ಅಂವಾ ಅಂಥಾಂವ ಅಲ್ಲ.”

“ಮತ್ಯಾರು? ನಿನಗೇನ ಗೊತ್ತದ? ಕಾಯಿ ಹಿಡಿದಿದ್ರ ಈ ಸಲ ನೀ ದಿನಾ ಉದಗೀರಕ್ಕ ಹೋಗತಿದ್ದಿ, ದಿನಾ!”

“ಹೌದ್ರಿ,” ಎಂದಳು ಸರುಬಾಯಿ. “ದಿನಾ.”

ಪಾಟೀಲರು ಹೆಚ್ಚು ವಿಚಾರಿಸಲಿಲ್ಲ. ಹೊಲವಿದ್ದವನ ಮಾತು ನಡೆಯಿತು. ಕುರಿಯವನು ಊರು ಬಿಡಬೇಕೆಂದಾಯಿತು. ಸಂಜೆಗೆ ಅಮೋಘಸಿದ್ಧ ಹಟ್ಟಿ ಕಿತ್ತು, ಕುಂಟುವ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಔರಾದ ಶಹಾಜನಿಯ ದಾರಿ ಹಿಡಿದ. ಅವನ ಬಸುರಿ ಹೆಂಡತಿ ಹಿಂದೆ ಹಿಂದೆ ನಡೆದಳು. ಖಂಡೆಪ್ಪನಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಇನ್ನಾದರೂ ನಿದ್ದೆ ಬಂದೀತು ಅನಿಸಿತು, ಅಷ್ಟೇ. ಸರುಬಾಯಿ ಬಾಗಿಲಲ್ಲಿ ನಿಂತು ಕುರಿಗಳ ಧೂಳು ಅಡಗುವವರೆಗೂ ನೋಡಿದಳು. ಆಮೇಲೆ ಒಳಗೆ ಹೋದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಖಂಡೆಪ್ಪ ಹೊಲಕ್ಕೆ ಬಂದ. ಬಳ್ಳಿಗಳ ನಡುವೆ ಯಾರೋ ಬಗ್ಗಿದ್ದರು.

ಅವನು ಕೋಲೆತ್ತಿಕೊಂಡು ಓಡಿದ. ಬಗ್ಗಿದ್ದವರು ಓಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ನೆಟ್ಟಗಾದರು. ಸೆರಗಿನ ತುಂಬ ಹಳದಿ ಹೂವು.

ಸರುಬಾಯಿ.

ಎತ್ತಿದ ಕೋಲು ತಾನಾಗಿ ಇಳಿಯಿತು. “ಯಾಕ?” ಎಂದ.

“ಕಾಯಿ ಆದಮ್ಯಾಲ ಉದಗೀರ ತನಕ ತಲಿ ಮ್ಯಾಲ ನಾನೇ ಹೊರಬೇಕಲ್ರಿ,” ಎಂದಳು ಅವಳು. “ಹೂವಿದ್ದಾಗ ಹಗುರ ಇರ್ತಾವ.”