ಮೆಟ್ಟಿಲು ತೊಳೆಯುವ ಸರದಿ

"ಮೆಟ್ಟಿಲು ತೊಳೆಯೋಕೆ ಸಂಘದ ಕಡೆಯಿಂದಲೇ ಆಳು ಬರ್ಲಿ ಅನ್ನೋರು ಕೈ ಎತ್ತಿ" ಎಂದಳು ವಸತಿ ಸಂಘದ ಅಧಿಕಾರಿ ಮೋರ್ವನ್. ಸಭೆಗೆ ಬಂದಿದ್ದ ಬಾಡಿಗೆದಾರರ ಕೈಗಳೆಲ್ಲ ಒಟ್ಟಿಗೇ ಮೇಲೆದ್ದವು. ಮೂರನೇ ಮಹಡಿಯ ಸೆಂಗಾ ಅಜ್ಜಿ ಮಾತ್ರ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಮುಖ ಗಂಟುಹಾಕಿ ಕುಳಿತಿದ್ದಳು.

"ಏನಜ್ಜಿ, ಮಂಡಿ ಸವೆದುಹೋದ್ರೂ ಬಕೆಟ್ಟಿನ ಮೋಹ ಬಿಟ್ಟಿಲ್ವಾ?" ಎಂದು ಅವಳ ಎದುರುಮನೆಯ ರ‍್ಯಾಬ್ ಕಿಚಾಯಿಸಿದ.

"ಬಾಯಿ ಮುಚ್ಚೋ. ನೀನು ತೊಳೆಯೋ ಚೆಂದ ಗ್ಲಾಸ್ಗೋದ ಬೆಕ್ಕುಗಳಿಗೂ ಗೊತ್ತು. ಮೆಟ್ಟಿಲಿಗೆ ಒದ್ದೆ ಬಟ್ಟೆ ತೋರ್ಸಿ ಓಡಿಹೋಗ್ತೀಯ!"

ಎಲ್ಲರೂ ಗೊಳ್ಳೆಂದು ನಕ್ಕರು. ಸೆಂಗಾಳಿಗೆ ನಗು ಬರಲಿಲ್ಲ. ಹಳೆಯ ಶುಕ್ರವಾರಗಳು ಕಣ್ಣಿಗೆ ಕಟ್ಟಿದವು. ಪ್ರತಿ ಶುಕ್ರವಾರ ಸರದಿಯ ಮನೆಯವರು ಮೆಟ್ಟಿಲು ತೊಳೆದು 'ಈ ವಾರ ನಿಮ್ಮ ಸರದಿ' ಎಂಬ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕಬೇಕು. ಆಗೆಲ್ಲ ಹೆಂಗಸರು ಮೆಟ್ಟಿಲಂಚಿಗೆ ಬಿಳಿಮಣ್ಣಿನಲ್ಲಿ ಬಳ್ಳಿ ಬರೆಯುತ್ತಿದ್ದರು. ಯಾರ ಬಳ್ಳಿ ಸೊಟ್ಟ ಎಂದು ಮೂರು ಮಹಡಿಯೂ ಆಡಿಕೊಳ್ಳುತ್ತಿತ್ತು. ಆಮೇಲೆ ಅದೇ ಮೆಟ್ಟಿಲ ಮೇಲೆ ಕೂತು ಟೀ, ಜಾಮ್ ಹಚ್ಚಿದ ಬ್ರೆಡ್ಡು, ಊರ ಮೇಲಿನ ಚಾಡಿ. ಎಂಥ ಸುಖದ ದಿನಗಳು! ಬಳ್ಳಿಯೂ ಹೋಯಿತು, ಬರೆಯುವವರೂ ಹೋದರು. ಇನ್ನು ಹಲಗೆಯೂ ಹೋದರೆ ತನ್ನ ಬಾಗಿಲಿಗೆ ಬರುವವರೇ ಇಲ್ಲ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

"ಈ ಸಂಘ ಕಟ್ಟಿದೋರೇ ನೀವು, ಸೆಂಗಾ. ನಿಮಗೇನು ಬೇಕು ಹೇಳಿ, ಸಭೆ ಕರೆದಿರೋದೇ ಅದಕ್ಕೆ" ಎಂದಳು ಮೋರ್ವನ್.

"ತೊಳೆಯೋರು ಬರ್ಲಿ, ನನ್ನ ಮಂಡಿ ಏನೂ ಬೇಡ ಅಂತಿಲ್ಲ. ಹಲಗೆ ಮಾತ್ರ ಮೊದಲಿನ ಹಾಗೇ ಮನೆಯಿಂದ ಮನೆಗೆ ಹೋಗ್ತಿರ್ಲಿ."

"ಕೆಲಸಾನೇ ಇಲ್ದೆ ಸರದೀನಾ?" ರ‍್ಯಾಬ್ ಮತ್ತೆ ಬಾಯಿಹಾಕಿದ.

"ನೀನೀಗ ಇರೋ ಮನೇಲಿ ಹಿಂದೆ ಎಫಿ ಇದ್ಲು ಕಣೋ. ಬಚ್ಚಲಲ್ಲಿ ಬಿದ್ದು ಸೊಂಟ ಮುರ್ಕೊಂಡ್ಲು. ಅವಳ ಕೂಗು ಒಬ್ರಿಗೂ ಕೇಳಿಸ್ಲಿಲ್ಲ. ಶುಕ್ರವಾರ ಕಳೆದ್ರೂ ಹಲಗೆ ಅವಳ ಬಾಗಿಲಲ್ಲೇ ಇತ್ತು. ಸೋಮಾರಿ ಮುದುಕಿ ಅಂತ ಬೈಯೋಕೇ ನಾನು ಹೋಗಿ ಬಾಗಿಲು ಬಡಿದಿದ್ದು. ಬೈಯೋಕೆ ಹೋಗಿದ್ರಿಂದ ಅವಳ ಜೀವ ಉಳೀತು."

ತೊಳೆಯುವ ಕೆಲಸ ಆಳಿನದು, ಹಲಗೆಯ ಕೆಲಸ ಮನೆಯವರದು, ಶುಕ್ರವಾರ ಕಳೆದರೂ ಅದು ಮುಂದಕ್ಕೆ ಹೋಗದಿದ್ದರೆ ಪಕ್ಕದವರು ಬಾಗಿಲು ತಟ್ಟಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಕೈಯೆತ್ತಿದವನು ರ‍್ಯಾಬ್.

ಮುಂದಿನ ತಿಂಗಳು ಆಳುಗಳು ಬಂದರು. ಮೆಟ್ಟಿಲು ಫಳಫಳ ಹೊಳೆಯಿತು, ಆಸ್ಪತ್ರೆಯ ವಾಸನೆ ಹೊಡೆಯಿತು. ಸುತ್ತುತ್ತ ಸುತ್ತುತ್ತ ಹಲಗೆ ಸೆಂಗಾಳ ಬಾಗಿಲಿಗೂ ಬಂತು. ಶುಕ್ರವಾರ ಅವಳು ಅದನ್ನು ರ‍್ಯಾಬ್‌ನ ಬಾಗಿಲಿಗೆ ದಾಟಿಸಬೇಕಿತ್ತು. ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು, ಆದರೂ ದಾಟಿಸಲಿಲ್ಲ. ಈ ವಯಸ್ಸಿನಲ್ಲಿ ಇದೆಂಥ ಮಂಗಾಟ ಎಂದು ತನಗೆ ತಾನೇ ನಾಚಿಕೊಂಡು, ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು ಕುಳಿತಳು.

ಶನಿವಾರ ಬೆಳಗ್ಗೆ ಬಾಗಿಲ ಮೇಲೆ ದಬದಬ ಸದ್ದಾಯಿತು.

"ಅಜ್ಜೀ! ಏ ಸೆಂಗಜ್ಜೀ! ಹುಷಾರಾಗಿದ್ದೀಯಾ? ಮಾತಾಡೇ!" ರ‍್ಯಾಬ್‌ನ ದನಿ ನಡುಗುತ್ತಿತ್ತು.

ಇನ್ನೊಂದೇ ಒಂದು ಸಲ ಕೂಗಲಿ ಎಂದು ಸೆಂಗಾ ಉಸಿರು ಬಿಗಿಹಿಡಿದು ಸುಮ್ಮನೆ ಕುಳಿತಳು.