ಮೆಟ್ಟಿಲ ಪರೀಕ್ಷೆ

"ಆಯಾಸ ಆದ್ರೆ ನಿಲ್ಸಿ," ಎಂದರು ಮಿಲಿಟರಿ ಆಸ್ಪತ್ರೆಯ ಮೇಜರ್ ಡಾಕ್ಟರ್. ಎದೆಯಲ್ಲಿ ಪೇಸ್‌ಮೇಕರ್ ಇದ್ದ ಮಾಜಿ ಹವಾಲ್ದಾರ್ ಓಂಕಾರಮೂರ್ತಿ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದ. ಅಂಗವೈಕಲ್ಯ ಶೇಕಡ ಇಪ್ಪತ್ತಕ್ಕಿಂತ ಕಡಿಮೆ ಎಂದು ಡಾಕ್ಟರ್ ಬರೆದರೆ ಅದಕ್ಕಾಗಿ ಬರುತ್ತಿದ್ದ ಪಿಂಚಣಿ ನಿಲ್ಲುತ್ತಿತ್ತು.

ಕೊಂಡ್ಲಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಹೆಂಡತಿ ದಾಕ್ಷಾಯಿಣಿ ಹೇಳಿಕೊಟ್ಟಿದ್ದಳು: "ಹಿತ್ತಲಿಗೆ ಹೋಗಿ ಬಂದ್ರೂ ಏದುಸಿರು ಬಿಡ್ತೀರಿ. ಇದ್ದದ್ದು ಇದ್ದಂಗೆ ಹೇಳ್ರಿ. ಅಲ್ಲಿ ನಿಮ್ಮ ಶೂರತನ ಬ್ಯಾಡ."

"ಉಸಿರು ಕಟ್ಟುತ್ತಾ?" ಮೆಟ್ಟಿಲು ಹತ್ತಿಳಿದು ಮುಗಿದ ಮೇಲೆ ಮೇಜರ್ ಕೇಳಿದರು.

ಅಧಿಕಾರಿಯ ದನಿ ಕಿವಿಗೆ ಬಿದ್ದದ್ದೇ ಓಂಕಾರಮೂರ್ತಿಯ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು. ಎದೆ ಸೆಟೆಯಿತು. "ಇಲ್ಲ ಸರ್. ಏನೂ ತೊಂದ್ರೆ ಇಲ್ಲ ಸರ್."

ಮೇಜರ್ ನಾಡಿ ಹಿಡಿದರು. ಎದೆಯೊಳಗಿನ ಯಂತ್ರ ನಡೆಸುತ್ತಿದ್ದ ನಾಡಿ ಸಮವಾಗಿಯೇ ಇತ್ತು. "ಶಹಬ್ಬಾಸ್," ಎಂದು ಬರೆದುಕೊಂಡರು.

ಹೊರಗೆ ಬೆಂಚಿನಿಂದ ದಾಕ್ಷಾಯಿಣಿ ಎದ್ದಳು. "ಹೇಳಿದ್ರಾ?"

ಗೋಡೆ ಹಿಡಿದು ನಿಂತವನಿಗೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ.