ಕೊಸರು

ತೂಕ ಮುಗಿದ ಮೇಲೆ ಪ್ರೇಮಾಬಾಯಿ ಮೂಟೆಗೆ ಕೈ ಹಾಕಿ ಇನ್ನೊಂದು ಹಿಡಿ ತೊಗರಿಬೇಳೆಯನ್ನು ವಸಂತಿಯ ಚೀಲಕ್ಕೆ ಸುರಿದಳು. ವಸಂತಿ ನಗುತ್ತ ಕಾಲೊನಿಯ ಕಡೆ ನಡೆದಳು. ದುಡ್ಡಿನ ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮುದ್ದಣ್ಣ ಮಾತ್ರ ನಗಲಿಲ್ಲ.

"ಮೊದಲು ಈ ಕೊಸರು ನಿಲ್ಲಿಸಿ. ವರ್ಷಕ್ಕೆ ಎರಡು ಮೂಟೆ ನಷ್ಟ ಉಂಟು ಇದರಲ್ಲಿ."

"ನಷ್ಟ ಅಲ್ರಿ ಅಣ್ಣಾರ. ಆ ಒಂದು ಹಿಡಿ ಸಲುವಾಗೇ ಆಕಿ ನಾಳಿ ಮತ್ತ ಬರ್ತಾಳ."

ಮುದ್ದಣ್ಣ ಉಡುಪಿ ಕಡೆಯವನು. ನಾಸಿಕದಲ್ಲಿ ಅವನ ಹೋಟೆಲಿನ ಸಾಂಬಾರಿಗೆ ಒಳ್ಳೆಯ ಹೆಸರು. ಭಾಲ್ಕಿಯ ಪ್ರೇಮಾಬಾಯಿ ಗಂಡನನ್ನು ಕಳೆದುಕೊಂಡ ವರ್ಷ, ಅಲ್ಲೇ ಸಮೀಪದ ಓಝರಿನ ವಿಮಾನ ಕಾರ್ಖಾನೆಯ ಕಾಲೊನಿ ಎದುರು ಈ ಕಿರಾಣಿ ಅಂಗಡಿ ಎದ್ದಿದ್ದೇ ಅವನು ಹಾಕಿದ ಅರ್ಧ ಬಂಡವಾಳದಿಂದ. ಅದನ್ನು ಅವಳು ಒಂದು ದಿನವೂ ಮರೆತವಳಲ್ಲ. ಇವತ್ತು ಅವನು ಆ ಅರ್ಧವನ್ನು ವಾಪಸು ಕೇಳಲು ಬಂದಿದ್ದ. ಕೊಟ್ಟರೆ ಅಂಗಡಿಗೆ ಬೀಗ ಬೀಳುವುದು ಇಬ್ಬರಿಗೂ ಗೊತ್ತಿತ್ತು.

ಕಾರಣ ರಸ್ತೆಯಾಚೆ ಕಾಣುತ್ತಲೇ ಇತ್ತು: ಸುಲಭ ಭಂಡಾರ. ಔರಂಗಾಬಾದಿನಲ್ಲಿ ಮೂರು, ನಾಸಿಕದಲ್ಲಿ ಎರಡು, ಹದಿನೈದು ದಿನದಿಂದ ಇಲ್ಲೊಂದು. ಒಳಗೆ ಗಿರಾಕಿಗಳೇ ಓಡಾಡಿ, ಕಟ್ಟಿಟ್ಟ ಪಾಕೀಟುಗಳನ್ನು ಬುಟ್ಟಿಗೆ ಹಾಕಿಕೊಂಡು, ಬಾಗಿಲಲ್ಲಿ ದುಡ್ಡು ಕೊಟ್ಟು ಹೊರಬರುವ ಅಂಗಡಿ.

"ಬರುವ ತಿಂಗಳು ಗೋದಾ ಬಝಾರಿನವರೂ ಬರ್ತಾರಂತೆ," ಮುದ್ದಣ್ಣ ಹೇಳಿದ. "ಇವರು ಸಾಬೂನಿಗೆ ಐದು ಪೈಸೆ ಇಳಿಸಿದರೆ ಅವರು ಹತ್ತು ಇಳಿಸ್ತಾರೆ. ಅಷ್ಟು ದೊಡ್ಡವರ ಪೈಪೋಟಿಯಲ್ಲಿ ನಿಮ್ಮದು ಎಂಥ ನಡೀತದೆ ಮಾರಾಯ್ರೆ? ನಾನು ನನ್ನ ದುಡ್ಡು ತೆಗೆದು ಸುಲಭದ ಶೇರಿಗೆ ಹಾಕ್ತೇನೆ. ನಿಮಗೂ ಅಲ್ಲಿ ಗಲ್ಲೆ ಮೇಲೆ ಒಂದು ಕೆಲಸ ಮಾತಾಡಿ ಇಟ್ಟಿದ್ದೇನೆ."

ಕೆಲಸ ಎಂದದ್ದೇ ತಡ, ಪ್ರೇಮಾಬಾಯಿಯ ಪಿತ್ತ ನೆತ್ತಿಗೇರಿತು.

"ಅವರಿಬ್ಬರೂ ಕಚ್ಚಾಡಿ ಸುಸ್ತಾಗಿ ಮತ್ತ ರೇಟ್ ಏರಿಸ್ತಾರಲ್ರಿ, ಅವತ್ತೂ ನಾ ಇಲ್ಲೇ ಇರ್ತೀನಿ. ಮಂದಿ ಗಲ್ಲೆ ಮ್ಯಾಲ ಕೂಡಾಕಿ ನಾ ಅಲ್ಲ. ಏಳ್ರಿ, ನಡ್ರಿ ಅಲ್ಲಿಗಿ. ನಿಮ್ಮ ನಾಳಿನ ಸಾಂಬಾರಿಗಿ ಬ್ಯಾಳಿ ಅಲ್ಲೇ ಆರಸ್ರಿ. ಅಲ್ಲಿನ ಬ್ಯಾಳಿ ಮನಸ್ಸಿಗಿ ಬಂತಂದ್ರ ಈ ಅಂಗಡಿ ಚಾವಿ ನಿಮ್ಮ ಕೈಯಾಗ ಇಡ್ತೀನಿ."

"ಬರದಿದ್ದರೆ?"

"ದುಡ್ಡು ತೆಗಿಯೋ ಮಾತು ಮತ್ತ ಎತ್ತಬಾರದು."

ಮುದ್ದಣ್ಣನಿಗೆ ನಗು ಬಂತು. ಬೇಳೆ ಕೊಳ್ಳುವುದು ಎಷ್ಟು ಹೊತ್ತಿನ ಕೆಲಸ! ಅವಳು ಬಾಗಿಲು ಎಳೆದುಕೊಂಡು ಅವನ ಹಿಂದೆ ರಸ್ತೆ ದಾಟಿದಳು. ಹಿಡಿಸದಿದ್ದರೂ ಹಿಡಿಸಿತೆಂದು ಅವನು ಸುಳ್ಳು ಹೇಳಿಬಿಟ್ಟರೆ ಎಂಬ ಭಯ ಆಗ ಹುಟ್ಟಿತು. ಹೇಳಲಿ, ಆಡಿದ ಮಾತು ಆಡಿಯಾಯಿತು ಎಂದು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಳು.

ಬಾಗಿಲಲ್ಲೇ ಕಾವಲುಗಾರ ಅವಳ ಕೈಚೀಲ ಇಸಿದುಕೊಂಡು ಒಂದು ತಗಡಿನ ಬಿಲ್ಲೆ ಕೊಟ್ಟ. ಕಳ್ಳರನ್ನು ಕಂಡ ಹಾಗೆ ಕಾಣುತ್ತಾರಲ್ಲ ಎಂದು ಅವಳ ಮೈ ಉರಿಯಿತು. ಮುದ್ದಣ್ಣ ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಸಾಲು ಸಾಲು ಕಪಾಟು, ಕೊಳವೆ ದೀಪದ ಬೆಳಕು ನೋಡಿ ಬೀಗುತ್ತ, ಆಗಲೇ ಶೇರು ಕೊಂಡವನ ಗತ್ತಿನಲ್ಲಿ ನಡೆದ. ಬೇಳೆಯ ಕಪಾಟಿನ ಮುಂದೆ ನಿಂತು ಒಂದು ಪಾಕೀಟು ಎತ್ತಿಕೊಂಡ. ಮರುಕ್ಷಣ ಅವನು ಹೆಬ್ಬೆರಳಿನ ಉಗುರಿನಿಂದ ಪಾಕೀಟಿನ ಮೂಲೆ ಹರಿದು, ಎರಡು ಕಾಳು ಬಾಯಿಗೆ ಹಾಕಿಯೂ ಆಗಿತ್ತು. ಮೂವತ್ತು ವರ್ಷದಿಂದ ಅವನು ಹಲ್ಲಿಗಿಟ್ಟು ನೋಡದೆ ಬೇಳೆ ಕೊಂಡವನಲ್ಲ.

ಕಾಳು ಹಲ್ಲಿನಡಿ ಸದ್ದಿಲ್ಲದೆ ಚಪ್ಪಟೆಯಾಯಿತು.

"ತೇವ ಹಿಡಿದಿದೆ," ಎಂದು ಗೊಣಗಿ ಎರಡನೆಯದನ್ನು ಹರಿದ. ಅದೂ ಹಾಗೇ. ಮೂರನೆಯದಕ್ಕೆ ಉಗುರು ಹಾಕಿದಾಗ ಮ್ಯಾನೇಜರ್ ಓಡಿಬಂದ.

"ಅಹೋ, ಪಾಕೀಟ ಕಾ ಫಾಡ್ಲಂತ?" ಯಾಕೆ ಹರಿದಿರಿ ಎಂದು ಗದರಿದ.

ಬಾಯಿಗೆ ಹಾಕದೆ ಬೇಳೆ ಕೊಳ್ಳುವುದು ಹೇಗೆ ಎಂದು ಮುದ್ದಣ್ಣ ತನಗೆ ಬರುವ ಮರಾಠಿಯಲ್ಲಿ ಕೇಳಿದ. ಪಾಕೀಟಿನ ಮೇಲೆ ಬರೆದದ್ದನ್ನು ಓದಿ ಕೊಳ್ಳಬೇಕು, ಹರಿದದ್ದಕ್ಕೆಲ್ಲ ದುಡ್ಡು ಕೊಡಬೇಕು ಎಂದ ಮ್ಯಾನೇಜರ್. ಬುಟ್ಟಿ ಹಿಡಿದ ಹೆಂಗಸರೆಲ್ಲ ತಿರುಗಿ ನೋಡಿದರು. ಇದೇ ಅಂಗಡಿಯ ಶೇರು ಕೊಳ್ಳಬೇಕೆಂದಿದ್ದ ಮನುಷ್ಯ ದುಡ್ಡು ತೆತ್ತು, ಹರಿದ ಮೂರು ಪಾಕೀಟು ಎದೆಗವಚಿಕೊಂಡು, ಕಾಳು ಚೆಲ್ಲುತ್ತ ಹೊರಗೆ ಬಂದ.

ಅಂಗಡಿಗೆ ಮರಳಿದ ಮೇಲೆ ಪ್ರೇಮಾಬಾಯಿ ಸೊಂಟದ ಚಾವಿ ತೆಗೆದು ಗಲ್ಲೆಯ ಮೇಲೆ, ಆ ಪಾಕೀಟುಗಳ ಪಕ್ಕದಲ್ಲೇ ಇಟ್ಟಳು.

"ಮನಸ್ಸಿಗಿ ಬಂದಿದ್ರ ತಗೊಳ್ರಿ."

ಅವಳ ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ಮಾತ್ರ ಚಾವಿಯ ಮೇಲೇ ಇತ್ತು. ಮುದ್ದಣ್ಣ ಚಾವಿಯನ್ನು ನೋಡಿದ, ಪಾಕೀಟುಗಳನ್ನು ನೋಡಿದ. ಆಮೇಲೆ ಅವಳ ಮೂಟೆಗೆ ಕೈ ಹಾಕಿ ಒಂದು ಕಾಳು ತೆಗೆದು ಹಲ್ಲಿಗಿಟ್ಟ. ಟಕ್ಕೆಂದು ಮುರಿದ ಸದ್ದು ಅವಳಿಗೂ ಕೇಳಿಸಿತು.

ಅವನು ಚಾವಿಯನ್ನು ಒಂದು ಬೆರಳಿನಿಂದ ಅವಳ ಕಡೆಗೆ ತಳ್ಳಿ, ತನ್ನ ಚೀಲ ಬಿಡಿಸಿದ. "ಹತ್ತು ಕಿಲೋ ತೂಗಿ."

ಪ್ರೇಮಾಬಾಯಿ ತೂಗಿದಳು. ತಕ್ಕಡಿಯ ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಕಾದು, ಹೆಚ್ಚಾಗಿದ್ದ ನಾಲ್ಕು ಕಾಳನ್ನೂ ಹೆಕ್ಕಿ ಮೂಟೆಗೆ ಹಾಕಿ, ಉಳಿದದ್ದನ್ನು ಚೀಲಕ್ಕೆ ಸುರಿದು ಕೈ ಕೊಡವಿಕೊಂಡಳು.

ಮುದ್ದಣ್ಣ ಚೀಲ ಹಿಡಿದುಕೊಂಡು ನಿಂತೇ ಇದ್ದ.

"ಮತ್ತೇನ್ರಿ ಅಣ್ಣಾರ?"

"ಕೊಸರು?"

"ನೀವೇ ನಿಲ್ಲಿಸ್ರಿ ಅಂದ್ರಲ್ರಿ, ನಷ್ಟ ಅಂತ."

ಮುದ್ದಣ್ಣ ಚೀಲವನ್ನು ಮೂಟೆಯ ಹತ್ತಿರಕ್ಕೆ ಸರಿಸಿದ. ಅದರ ಬಾಯಿಯನ್ನು ಮುಚ್ಚಲಿಲ್ಲ.